ಪುಟಕ್ಕೆ ಎಷ್ಟು ಪದ? ಫ್ಯಾಂಟಸಿ ಕಾದಂಬರಿ ಕಾಮಿಕ್ಸ್ ಆಗುವಾಗ ಎಡವೋದು ಇಲ್ಲೇ

ದೊಡ್ಡ ಫ್ಯಾಂಟಸಿ ಕಾದಂಬರಿಯೊಂದು ಕಾಮಿಕ್ಸ್ ಆಗಿ ಬಂದ ಕೂಡಲೇ ಜಗಳ ಶುರುವಾಗೋದು ಮುಖಗಳ ಬಗ್ಗೆ. ನಾಯಕನ ಮೂಗು ಹೀಗಿರಲಿಲ್ಲ, ಡ್ರ್ಯಾಗನ್ ಹಲ್ಲಿ ಥರ ಇದೆ, ಮಾಂತ್ರಿಕನ ಗಡ್ಡ ಗಿಡ್ಡವಾಯ್ತು. ಬೈಗುಳವೆಲ್ಲ ಚಿತ್ರಕಾರನ ತಲೆಗೆ. ನನ್ನ ತಕರಾರು ಬೇರೆ. ಇಂಥ ಪುಸ್ತಕಗಳು ಕುಂಚದಲ್ಲಿ ಸೋಲೋದು ಕಡಿಮೆ. ಪೆನ್ಸಿಲ್ ಕೈಗೆತ್ತಿಕೊಳ್ಳುವ ಮೊದಲೇ ಮಾಡಬೇಕಿದ್ದ ಒಂದು ಭಾಗಾಕಾರವನ್ನು ಯಾರೂ ಮಾಡದೇ ಇದ್ದದ್ದರಿಂದ ಸೋಲೋದು ಹೆಚ್ಚು. ಕಾದಂಬರಿಯ ಒಟ್ಟು ಪದಗಳನ್ನು ಕಾಮಿಕ್ಸ್‌ನ ಒಟ್ಟು ಪುಟಗಳಿಂದ ಭಾಗಿಸಿ. ಬರುವ ಸಂಖ್ಯೆ ನೋಡಿದರೆ, ಪುಸ್ತಕ ತೆರೆಯದೆಯೇ ಅದರ ಅರ್ಧ ಜಾತಕ ಹೇಳಬಹುದು.

ಯಾಕೆ ಅಂತ ನೋಡಿ. ಹಳೆಯ ಅಮೆರಿಕನ್ ಕಾಮಿಕ್ಸ್ ಸಂಪಾದಕರ ಒಂದು ಅಂದಾಜಿದೆ: ಪುಟಕ್ಕೆ ಆರು ಪ್ಯಾನೆಲ್ (ಒಂದೊಂದು ಚಿತ್ರದ ಚೌಕಟ್ಟು), ಒಂದು ಪ್ಯಾನೆಲ್‌ಗೆ ಹೆಚ್ಚೆಂದರೆ 35 ಪದ, ಒಂದು ಬಲೂನಿಗೆ, ಅಂದರೆ ಪಾತ್ರದ ಮಾತಿರುವ ಗುಳ್ಳೆಗೆ, 25. ಅಂದರೆ ಪುಟಕ್ಕೆ 210 ಪದ. ಇದು ದಾಟಬಾರದ ಗೆರೆ, ಮುಟ್ಟಲೇಬೇಕಾದ ಗುರಿ ಅಲ್ಲ. ಪ್ರತಿ ಪುಟದಲ್ಲೂ 210 ತುಂಬಿದರೆ ಓದುವವನು ಹತ್ತನೇ ಪುಟಕ್ಕೆ ಸುಸ್ತು. ಉಸಿರಾಡುವ ಕಾಮಿಕ್ಸ್‌ನಲ್ಲಿ ಸರಾಸರಿ 80ರಿಂದ 120. ಆ ಲೆಕ್ಕದಲ್ಲಿ 200 ಪುಟದ ಪುಸ್ತಕ ಹೊರಬಲ್ಲದ್ದು ಸುಮಾರು 20 ಸಾವಿರ ಪದ. ನಿಮ್ಮ ಕೈಯಲ್ಲಿರುವ ಕಾದಂಬರಿಯೋ ಒಂದು ಲಕ್ಷ. ಐದರಲ್ಲಿ ನಾಲ್ಕು ಪಾಲು ಪದ ಹೋಗಲೇಬೇಕು. ಕೆಲವು ಚಿತ್ರವಾಗುತ್ತವೆ, ಕೆಲವು ಎರಡು ಪ್ಯಾನೆಲ್ ನಡುವಿನ ಬಿಳಿ ಜಾಗದಲ್ಲಿ ಕರಗುತ್ತವೆ, ಉಳಿದದ್ದು ಕಸದ ಬುಟ್ಟಿಗೆ. ಬುಟ್ಟಿಗೆ ಹಾಕೋಕೆ ಕೈ ಬಾರದವರು ಈ ಕೆಲಸಕ್ಕೆ ಇಳಿಯಬಾರದು.

ಉದಾಹರಣೆಗೆ 1989ರಲ್ಲಿ ಶುರುವಾಗಿ ಮೂರು ಭಾಗಗಳಲ್ಲಿ ಬಂದ 'ದಿ ಹಾಬಿಟ್' ಕಾಮಿಕ್ಸ್. ಸುಮಾರು 95 ಸಾವಿರ ಪದದ ಕಾದಂಬರಿ ಅಂದಾಜು 130 ಪುಟಕ್ಕೆ ಇಳಿದಿದೆ. ಪುಟಕ್ಕೆ 700 ಪದಕ್ಕಿಂತ ಹೆಚ್ಚು ಕಥೆಯ ಭಾರ. ಡೇವಿಡ್ ವೆಂಜೆಲ್ ಅವರ ಜಲವರ್ಣದ ಕೆಲಸ ಇವತ್ತಿಗೂ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಣ್ಣದ ಮೇಲೆಲ್ಲ ಕ್ಯಾಪ್ಷನ್ ಪೆಟ್ಟಿಗೆಗಳು, ಅಂದರೆ ನಿರೂಪಣೆಯ ಸಾಲುಗಳಿರುವ ಚೌಕಗಳು, ಕೂತಿವೆ. ಎಷ್ಟೋ ಕಡೆ ಚಿತ್ರ ಕಥೆ ಹೇಳುತ್ತಿಲ್ಲ, ಪಠ್ಯದ ಪಕ್ಕ ನಿಂತಿದೆ. ಇನ್ನೊಂದು ತುದಿಯಲ್ಲಿ ಹೋಪ್ ಲಾರ್ಸನ್ 2012ರಲ್ಲಿ ಮಾಡಿದ 'ಎ ರಿಂಕಲ್ ಇನ್ ಟೈಮ್'. ಕಾದಂಬರಿ ಸುಮಾರು 50 ಸಾವಿರ ಪದ, ಕಾಮಿಕ್ಸ್ 392 ಪುಟ. ಪುಟಕ್ಕೆ 130ರ ಆಸುಪಾಸು. ಅಲ್ಲಿ ಹುಡುಗಿಯೊಬ್ಬಳು ಸುಮ್ಮನೆ ಮುಖ ತಿರುಗಿಸೋಕೂ ಒಂದು ಪ್ಯಾನೆಲ್ ಸಿಗುತ್ತೆ. ಬಣ್ಣವೋ, ಕಪ್ಪು ಬಿಳುಪಿನ ಜೊತೆ ಒಂದೇ ಒಂದು ನೀಲಿ. ಪಿ. ಕ್ರೇಗ್ ರಸೆಲ್ 2008ರಲ್ಲಿ ಮಾಡಿದ 'ಕೊರಲೈನ್' ಸುಮಾರು 30 ಸಾವಿರ ಪದಕ್ಕೆ 180ಕ್ಕೂ ಹೆಚ್ಚು ಪುಟ ತೆಗೆದುಕೊಂಡಿದೆ. ಅದೂ ಆರಾಮಾಗಿ ಓದಿಸಿಕೊಳ್ಳುತ್ತೆ.

'ಎ ಗೇಮ್ ಆಫ್ ಥ್ರೋನ್ಸ್' ನಡುವೆ ಎಲ್ಲೋ ಬರುತ್ತೆ. ಸುಮಾರು 3 ಲಕ್ಷ ಪದ. 2011ರಿಂದ 2014ರವರೆಗೆ 24 ಸಂಚಿಕೆ, ಒಟ್ಟು 700 ಪುಟದ ಹತ್ತಿರ. ಪುಟಕ್ಕೆ 430. ಸ್ಕ್ರಿಪ್ಟ್ ಬರೆದ ಡೇನಿಯಲ್ ಏಬ್ರಹಾಂ ಸ್ವತಃ ಕಾದಂಬರಿಕಾರ, ಹಾಗಾಗಿ ಎಲ್ಲಿ ಕತ್ತರಿ ಆಡಿಸಬೇಕು ಅಂತ ಗೊತ್ತಿತ್ತು. ಆದರೂ ಅಷ್ಟು ಪುಟ ಸಿಕ್ಕೂ ಅಲ್ಲಲ್ಲಿ ಓಟ ಕಾಣುತ್ತೆ. ನನ್ನ ಅಳತೆ ಇಷ್ಟು: 200ರ ಒಳಗೆ ಇದ್ದರೆ ನೆಮ್ಮದಿ, 500ರವರೆಗೆ ಎಚ್ಚರಿಕೆ, 500 ದಾಟಿದರೆ ಅದು ಕಾಮಿಕ್ಸ್ ಅಲ್ಲ, ಚಿತ್ರ ಹಚ್ಚಿದ ಸಾರಾಂಶ.

ಲೆಕ್ಕ ತಪ್ಪಿದಾಗ ಬರುವ ರೋಗದ ಹೆಸರು ಕ್ಯಾಪ್ಷನ್. ಒಂದು ತುಣುಕು ಇಟ್ಟುಕೊಂಡು ನೋಡೋಣ. ಯಾವ ಪುಸ್ತಕದ್ದೂ ಅಲ್ಲ, ಇಲ್ಲಿಗೇ ಕಟ್ಟಿದ್ದು. "ಹುಡುಗಿ ದೀಪ ಹಿಡಿದು ಬಾವಿಯ ಮೆಟ್ಟಿಲು ಎಣಿಸುತ್ತ ಇಳಿದಳು. ಹದಿನೇಳನೆಯ ಮೆಟ್ಟಿಲಿಗೆ ಗಾಳಿ ಪೂರ್ತಿ ನಿಂತುಹೋಯಿತು. ಆದರೂ ದೀಪದ ಕುಡಿ ನೀರಿನ ಕಡೆಗೆ ಬಾಗಿತು, ಕೆಳಗೆ ಯಾರೋ ಮೆಲ್ಲಗೆ ಉಸಿರೆಳೆದುಕೊಂಡ ಹಾಗೆ. ಬೆಂಕಿಗೆ ಹಸಿವಾದರೆ ನೀರನ್ನೂ ನೋಡುತ್ತದೆ ಎಂದು ಅಜ್ಜಿ ಹೇಳಿದ್ದು ನೆನಪಾಯಿತು."

ಅವಸರದ ಸ್ಕ್ರಿಪ್ಟ್ ಇದನ್ನು ಒಂದೇ ಪ್ಯಾನೆಲ್‌ಗೆ ತುರುಕುತ್ತೆ: ಮೆಟ್ಟಿಲ ಮೇಲೆ ಹುಡುಗಿ, ಮೇಲೊಂದು ಕ್ಯಾಪ್ಷನ್, ಅದರಲ್ಲಿ ಇಡೀ ಪ್ಯಾರಾ. ಮೆಟ್ಟಿಲು ಕಾಣುತ್ತಲೂ ಇದೆ, ಹೇಳಿಸಿಕೊಳ್ಳುತ್ತಲೂ ಇದೆ. ಬಾಗಿದ ಕುಡಿಯೋ ಅಕ್ಕಿಕಾಳಿನಷ್ಟು. ಇಳಿಯೋಕೆ ಹಿಡಿದ ಹೊತ್ತು ಎಲ್ಲೂ ಇಲ್ಲ.

ಒಂದು ಪೂರ್ತಿ ಪುಟ ಕೊಡಿ, ಆಗ ನೋಡಿ. ಎಡಕ್ಕೆ ಮೇಲಿಂದ ಕೆಳಗಿನವರೆಗೆ ಉದ್ದನೆಯ ಒಂದು ಪ್ಯಾನೆಲ್, ಬಾವಿಯನ್ನು ಮೇಲಿಂದ ಬಗ್ಗಿ ನೋಡಿದ ಹಾಗೆ. ಹುಡುಗಿ ಚಿಕ್ಕದಾಗಿ, ದೀಪ ಒಂದು ಚುಕ್ಕೆ. ಬಲಕ್ಕೆ ಒಂದೇ ಅಳತೆಯ ಮೂರು ಪ್ಯಾನೆಲ್, ಮೂರರಲ್ಲೂ ಮೊಣಕಾಲಿನಿಂದ ಕೆಳಗೆ ಮಾತ್ರ. "ಹದಿನೈದು", ಲಂಗದ ಅಂಚು ಗಾಳಿಗೆ ಹಾರುತ್ತಿದೆ. "ಹದಿನಾರು", ಇನ್ನೂ ಹಾರುತ್ತಿದೆ. "ಹದಿನೇಳು", ಅಂಚು ನೆಟ್ಟಗೆ ಇಳಿಬಿದ್ದಿದೆ. ಗಾಳಿ ನಿಂತಿತು ಅಂತ ಯಾರೂ ಹೇಳಬೇಕಾಗಿಲ್ಲ. ಐದನೆಯದು ಕುಡಿಯ ಕ್ಲೋಸಪ್, ಕೆಳಮುಖವಾಗಿ ಬಾಗಿದೆ, ಒಂದು ಅಕ್ಷರವೂ ಇಲ್ಲ. ಇನ್ನು ಅಜ್ಜಿಯ ಮಾತು: ಅದನ್ನು ಇಲ್ಲಿಂದ ಕಿತ್ತು ಹತ್ತು ಪುಟ ಹಿಂದೆ, ಅಜ್ಜಿ ಒಲೆ ಊದುತ್ತ ಆಡಿದ ಮಾತಾಗಿ ಬಲೂನಿನಲ್ಲಿ ಹಾಕಿ. ನೆನಪು ಮಾಡಿಕೊಳ್ಳುವ ಕೆಲಸ ಓದುಗನದು. ಮೂವತ್ತಕ್ಕೂ ಹೆಚ್ಚು ಪದದ ಪ್ಯಾರಾದಿಂದ ಈ ಪುಟಕ್ಕೆ ಬಂದದ್ದು ಮೂರೇ ಪದ.

ಆ ಕೊನೆಯ ಪ್ಯಾನೆಲ್ ಬಲಗೈ ಪುಟದ ಕೆಳಗಿನ ಮೂಲೆಯಲ್ಲೇ ಬೀಳಬೇಕು, ಅಂದರೆ ಬೆಸ ಸಂಖ್ಯೆಯ ಪುಟದಲ್ಲಿ. ನೀರಿನೊಳಗೆ ಏನಿದೆ ಅನ್ನೋದು ಪುಟ ಮಗುಚಿದ ಮೇಲೆ ಎಡಗೈ ಪುಟದಲ್ಲಿ. ಎದುರುಬದುರು ಪುಟದಲ್ಲಿಟ್ಟರೆ ಕಣ್ಣು ಮೊದಲೇ ಅತ್ತ ಓಡಿ ಗುಟ್ಟು ರಟ್ಟು. ಎಷ್ಟೋ ಪುಸ್ತಕಗಳಲ್ಲಿ ಇದು ಕೆಡೋದು ಕಡೇ ಗಳಿಗೆಯಲ್ಲಿ: ಮುನ್ನುಡಿಗೆ ಅಂತ ಒಂದು ಪುಟ ಸೇರಿಸುತ್ತಾರೆ, ಮುಂದಿನ ಎಲ್ಲ ಪುಟಗಳೂ ಒಂದು ಹೆಜ್ಜೆ ಸರಿದು ಒಂದೊಂದು ಬೆಚ್ಚಿಬೀಳಿಸುವ ಚಿತ್ರವೂ ತಪ್ಪು ಮಗ್ಗುಲಿಗೆ ಬೀಳುತ್ತೆ. ಸೇರಿಸುವುದಾದರೂ ತೆಗೆಯುವುದಾದರೂ ಎರಡೆರಡು ಪುಟವೇ ಆಗಬೇಕು. ಫೋನಿನಲ್ಲಿ ಮೇಲಿಂದ ಕೆಳಕ್ಕೆ ಸರಿಸುತ್ತ ಓದುವ ಕಾಮಿಕ್ಸ್‌ಗೆ ಈ ನಿಯಮ ಇಲ್ಲ. ಅಲ್ಲಿ ಎರಡು ಪ್ಯಾನೆಲ್ ನಡುವಿನ ಖಾಲಿ ಜಾಗ ಎಷ್ಟು ಉದ್ದವೋ ಕಾಯುವ ಹೊತ್ತು ಅಷ್ಟು.

ಹಾಗಂತ ಕ್ಯಾಪ್ಷನ್ ಪೂರ್ತಿ ಬೇಡ ಅನ್ನೋ ಮಡಿವಂತಿಕೆಯೂ ನನಗಿಲ್ಲ. ಗದ್ಯದ ಧಾಟಿಯೇ ಕಥೆಯ ರುಚಿಯಾಗಿದ್ದರೆ ಅದನ್ನು ಉಳಿಸಿಕೊಳ್ಳಬೇಕು. 1970ರ ಅಕ್ಟೋಬರ್ ಸಂಚಿಕೆಯಿಂದ ಶುರುವಾದ 'ಕಾನನ್' ಕಾಮಿಕ್ಸ್‌ನಲ್ಲಿ ಸ್ಕ್ರಿಪ್ಟ್ ಬರೆದ ರಾಯ್ ಥಾಮಸ್ ಧಾರಾಳವಾಗಿ ಕ್ಯಾಪ್ಷನ್ ಬಳಸಿದರು, ಅದು ಒಪ್ಪಿತು ಕೂಡ. ಮೂಲದಲ್ಲಿದ್ದದ್ದು ಸಣ್ಣಕಥೆಗಳು, ಒಂದೆರಡು ಸಂಚಿಕೆಯಲ್ಲಿ ಒಂದು ಕಥೆ ಮುಗಿಯುವಷ್ಟು ಜಾಗ ಇತ್ತು. ಕಾಮಿಕ್ಸ್‌ಗೆ ಹೇಳಿ ಮಾಡಿಸಿದ್ದು ಫ್ಯಾಂಟಸಿ ಸಣ್ಣಕಥೆ, ಆರು ಸಂಪುಟದ ಮಹಾಗಾಥೆ ಅಲ್ಲ ಅಂತ ನನಗೆ ಯಾವಾಗಲೂ ಅನ್ನಿಸೋದು ಇದಕ್ಕೇ. ಕ್ಯಾಪ್ಷನ್‌ಗೆ ಪರೀಕ್ಷೆ ಸುಲಭ: ಅದರಲ್ಲಿರುವುದು ಚಿತ್ರದಲ್ಲೂ ಇದ್ದರೆ ಹೊಡೆದುಹಾಕಿ, ಚಿತ್ರಕ್ಕೆ ಎದುರು ಮಾತಾಡುತ್ತಿದ್ದರೆ ಇಟ್ಟುಕೊಳ್ಳಿ.

ಫ್ಯಾಂಟಸಿಗೇ ಮೀಸಲಾದ ತೊಡಕುಗಳು ಬೇರೆ ಇವೆ. ಕಾದಂಬರಿಕಾರ 'ಮುಸುಕು ಹಾಕಿದ ಸವಾರ' ಅಂತ ಮೂರು ಪದ ಬರೆದು ಇನ್ನೂರು ಪುಟ ಗುಟ್ಟು ಕಾಯಬಹುದು. ಚಿತ್ರಕಾರ ಆ ಸವಾರನಿಗೆ ಎತ್ತರ, ಭುಜದ ಅಗಲ, ಕೈಬೆರಳು ಬರೆಯಲೇಬೇಕು. ಅವನು ನಿಜಕ್ಕೂ ರಾಜನ ತಂಗಿ ಅಂತಾದರೆ? ಮೊದಲ ಸಲ ಕಾಣಿಸಿಕೊಳ್ಳುವಾಗಲೇ ಕುದುರೆ ಮೇಲೆ, ದೂರದಲ್ಲಿ, ಬೆಳಕಿಗೆ ಬೆನ್ನು ಹಾಕಿ ನಿಲ್ಲಿಸಬೇಕು. ಪಕ್ಕದಲ್ಲಿ ಎತ್ತರ ಅಳೆಯೋಕೆ ಸಿಗುವ ಮನುಷ್ಯರು ಇರಬಾರದು. ಸುಳ್ಳು ಮುಖ ಬರೆಯೋದು ಮಾತ್ರ ಮೋಸ. ಗುಟ್ಟು ಬಯಲಾದ ಮೇಲೆ ಓದುಗ ಹಿಂದಕ್ಕೆ ಮಗುಚಿ ನೋಡೇ ನೋಡುತ್ತಾನೆ.

ವಿವರ ತಡವಾಗಿ ಬರೋದು ಇನ್ನೊಂದು ಪೀಡೆ. ಸೇನಾಪತಿಗೆ ಎಡಗೈಯ ಕಿರುಬೆರಳಿಲ್ಲ ಅಂತ ಲೇಖಕ ಹೇಳೋದು 300ನೇ ಪುಟದಲ್ಲಿ. ಅಷ್ಟು ಹೊತ್ತಿಗೆ ಚಿತ್ರಕಾರ ಐದು ಬೆರಳನ್ನೂ ನಲವತ್ತು ಸಲ ಬರೆದಾಗಿರುತ್ತೆ. ಅದಕ್ಕೇ ಸ್ಕ್ರಿಪ್ಟ್‌ಗೂ ಮೊದಲು ಪೂರ್ತಿ ಕಾದಂಬರಿಯನ್ನು ಮೈಚಹರೆಗೆ ಅಂತಲೇ ಒಂದು ಸಲ ಓದಿ ಪಟ್ಟಿ ಮಾಡಬೇಕು: ಗಾಯದ ಗುರುತು ಯಾವ ಕೆನ್ನೆಯಲ್ಲಿ, ಕತ್ತಿ ಯಾವ ಸೊಂಟದಲ್ಲಿ, ಯಾವ ಅಧ್ಯಾಯದಲ್ಲಿ ನಿಲುವಂಗಿ ಸುಟ್ಟಿತು. ಪಾತ್ರದ ರೂಪ ಗೊತ್ತುಮಾಡುವ ಮಾಡೆಲ್ ಶೀಟ್‌ನಲ್ಲಿ ಮುಂದಿನಿಂದ, ಮುಕ್ಕಾಲು ತಿರುಗಿ, ಪಕ್ಕದಿಂದ, ಹಿಂದಿನಿಂದ ನಾಲ್ಕು ನೋಟ, ಜೊತೆಗೆ ಎಲ್ಲ ಮುಖ್ಯ ಪಾತ್ರಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಎತ್ತರದ ಚಾರ್ಟ್. ಕುಳ್ಳರೂ ದೈತ್ಯರೂ ಒಂದೇ ಪ್ಯಾನೆಲ್‌ನಲ್ಲಿ ಬರುವ ಕಥೆಗೆ ಈ ಚಾರ್ಟ್ ಇಲ್ಲದಿದ್ದರೆ ಕುಳ್ಳ ಅಧ್ಯಾಯಕ್ಕೊಂದು ಇಂಚು ಬೆಳೆಯುತ್ತಾನೆ. 2014ರಲ್ಲಿ ಎರಡು ಸಂಪುಟಗಳಲ್ಲಿ ಬಂದ 'ದಿ ಗ್ರೇವ್‌ಯಾರ್ಡ್ ಬುಕ್' ಕಾಮಿಕ್ಸ್‌ನಲ್ಲಿ ಹಲವು ಚಿತ್ರಕಾರರು ಅಧ್ಯಾಯಗಳನ್ನು ಹಂಚಿಕೊಂಡಿದ್ದಾರೆ. ಆದರೂ ಪುಸ್ತಕ ಚಿಂದಿಯಾಗಲಿಲ್ಲ, ಯಾಕೆಂದರೆ ಪುಟಗಳ ಲೇಔಟ್ 'ಕೊರಲೈನ್' ಮಾಡಿದ ರಸೆಲ್ ಒಬ್ಬರದೇ.

ಸರಣಿ ಇನ್ನೂ ಮುಗಿದಿಲ್ಲವಾದರೆ ಕತ್ತರಿ ಹಾಕೋದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ಇವತ್ತು ಬೇಡ ಅಂತ ಬಿಟ್ಟ ಉಂಗುರ ನಾಲ್ಕನೇ ಸಂಪುಟದಲ್ಲಿ ರಾಜ್ಯ ಉರುಳಿಸಬಹುದು. ಲೇಖಕರು ಬದುಕಿದ್ದರೆ ಕೇಳಿಬಿಡೋದೇ ವಾಸಿ. ಇಲ್ಲವಾದರೆ ಅನುಮಾನ ಬಂದ ವಸ್ತುವನ್ನು ಮಾತಿನಿಂದ ತೆಗೆದು ಹಿನ್ನೆಲೆಯ ಮೇಜಿನ ಮೇಲೆ ಬರೆದಿಡಿ. ಮುಂದೆ ಬೇಕಾದರೆ ಅಲ್ಲೇ ಇತ್ತಲ್ಲ ಅನ್ನಬಹುದು.

ಮಂತ್ರಕ್ಕೂ ವ್ಯಾಕರಣ ಬೇಕು. ಒಂದು ಬಗೆಯ ಮಂತ್ರಕ್ಕೆ ಒಂದೇ ಬಣ್ಣ, ಆ ಬಣ್ಣ ಪುಸ್ತಕದಲ್ಲಿ ಮತ್ತೆಲ್ಲೂ ಇರಕೂಡದು, ಸೀರೆ ಸೆರಗಿನಲ್ಲೂ. ಕಂಪ್ಯೂಟರಿನಲ್ಲಿ ಹೊಳಪಿನ ಎಫೆಕ್ಟ್ ಸುಲಭವಾಗಿ ಸಿಗೋದರಿಂದ ಎಲ್ಲರ ಕೈಯಿಂದಲೂ ಅದೇ ನೀಲಿ ಮಿಂಚು ಹೊರಡುತ್ತೆ. ಮಾಂತ್ರಿಕ ಯಾರು, ವೆಲ್ಡಿಂಗ್ ಮಾಡುವವನು ಯಾರು ಗೊತ್ತಾಗಲ್ಲ. ಪಯಣಕ್ಕೂ ದಿಕ್ಕು ಬೇಕು: ಹೊರಟವರು ಎಡದಿಂದ ಬಲಕ್ಕೆ ನಡೆದರೆ ಮರಳುವಾಗ ಬಲದಿಂದ ಎಡಕ್ಕೆ. ಇದೊಂದನ್ನು ಪಾಲಿಸಿದರೆ ನಕ್ಷೆ ಇಲ್ಲದೆಯೂ ದಾರಿ ತಿಳಿಯುತ್ತೆ.

ಯುದ್ಧದ ವಿಷಯಕ್ಕೆ ಬಂದರೆ ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು. 'ಹತ್ತು ಸಾವಿರ ಕುದುರೆ ಸವಾರರು ಕಣಿವೆಗೆ ನುಗ್ಗಿದರು' ಅಂತ ಬರೆಯೋಕೆ ನಿಮಗೆ ಐದು ಸೆಕೆಂಡು. ದಿನಕ್ಕೊಂದು ಪುಟ ಪೆನ್ಸಿಲ್ ಮಾಡುವ ಕೈಗೆ ಆ ಒಂದು ಪ್ಯಾನೆಲ್ ಮೂರು ದಿನ ತಿನ್ನಬಹುದು. ಇಡೀ ಯುದ್ಧಕ್ಕೆ ಅಂಥದ್ದು ಒಂದು ಸಾಕು. ಆಮೇಲೆ ಗೊರಸು, ಧೂಳು, ತೆರೆದ ಬಾಯಿ.

ಲೆಟರಿಂಗ್ ಬಗ್ಗೆ, ಅಂದರೆ ಮಾತುಗಳನ್ನು ಪುಟದಲ್ಲಿ ಕೂರಿಸುವ ಕೆಲಸದ ಬಗ್ಗೆ, ಯಾರೂ ಮಾತಾಡಲ್ಲ, ಕೊನೆಗೆ ಕೈಕೊಡೋದು ಅದೇ. ಮೊದಲು ಮಾತಾಡುವವನನ್ನು ಎಡಕ್ಕೆ ನಿಲ್ಲಿಸದಿದ್ದರೆ ಬಲೂನಿನ ಬಾಲಗಳು ಒಂದರ ಮೇಲೊಂದು ಹಾಯುತ್ತವೆ. ಥಂಬ್‌ನೇಲ್ (ಪುಟದ ಪುಟ್ಟ ಕರಡು) ಹಂತದಲ್ಲೇ ಬಲೂನಿಗೆ ಜಾಗ ಬಿಡಬೇಕು. ಪ್ಯಾನೆಲ್‌ನ ಮೂರನೇ ಒಂದು ಭಾಗ ದಾಟಿದರೆ ಮಾತು ಇಳಿಸಬೇಕು. ಕನ್ನಡದಲ್ಲಿ ಇದು ಇನ್ನೂ ಬಿಗಿ. ಇಂಗ್ಲಿಷ್ ಕಾಮಿಕ್ಸ್ ಸಾಮಾನ್ಯವಾಗಿ ಬರೀ ದೊಡ್ಡಕ್ಷರ, ಸಾಲಿನ ಕೆಳಗೆ ಇಳಿಯುವ ಬಾಲ ಇಲ್ಲ, ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಮೇಲಾಗಿ ನಮ್ಮ ಪದಗಳು ಉದ್ದ: 'ಹೋಗಬೇಕಾಗಿತ್ತಲ್ಲವೇ' ಅನ್ನೋದು ಒಂದೇ ಪದ, ನೆಟ್ಟಗಿನ ಕಿರಿದಾದ ಬಲೂನಿನಲ್ಲಿ ಮುರಿಯದೆ ಕೂರಲ್ಲ. ಬಲೂನು ಅಡ್ಡಕ್ಕೆ ಅಗಲ ಇರಲಿ, ಮೂರು ಸಾಲು ಮೀರದಿರಲಿ. ಅಕ್ಷರದ ಕಪ್ಪು ಅಚ್ಚಿನ ಕಡತದಲ್ಲಿ ಬರೀ ಕಪ್ಪು ಶಾಯಿಯದೇ ಆಗಿರಬೇಕು. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಮುದ್ರಣದಲ್ಲಿ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸುತ್ತ ಗುಲಾಬಿ ನೆರಳು. ಎರಡು ಪುಟ ಹಬ್ಬಿದ ಚಿತ್ರದಲ್ಲಿ ಮುಖವೂ ಮಾತೂ ಮಡಿಕೆಗೆ ಬೀಳದ ಹಾಗೆ ನೋಡಿಕೊಳ್ಳಿ, ದಪ್ಪ ಪುಸ್ತಕದ ಬೈಂಡಿಂಗ್ ಅದನ್ನು ನುಂಗಿಬಿಡುತ್ತೆ.

ಹಕ್ಕಿನ ವಿಷಯ ಚುಟುಕಾಗಿ. ಸಿನಿಮಾ ಹಕ್ಕು ಬೇರೆ, ಕಾಮಿಕ್ಸ್ ಹಕ್ಕು ಬೇರೆ. ಕಾದಂಬರಿಯಿಂದ ಕಾಮಿಕ್ಸ್ ಮಾಡುವ ಅನುಮತಿ ಇದ್ದ ಮಾತ್ರಕ್ಕೆ ಸಿನಿಮಾದ ನಟನ ಮುಖ ಬರೆಯುವಂತಿಲ್ಲ, ಸಿನಿಮಾದವರು ಕಲ್ಪಿಸಿದ ಉಡುಪನ್ನೂ. 'ಮೂಗು ಹೀಗಿರಲಿಲ್ಲ' ಅನ್ನುವವರಲ್ಲಿ ಎಷ್ಟೋ ಜನ ನೆನಪಿಸಿಕೊಳ್ಳುತ್ತಿರೋದು ಕಾದಂಬರಿಯ ಮೂಗನ್ನಲ್ಲ, ನಟನ ಮೂಗನ್ನು.

ಕೆಲಸಕ್ಕೆ ಇಳಿದಿರುವವರು ಪೆನ್ಸಿಲ್ ಗೆರೆ ಮೇಲೆ ಶಾಯಿ ಹಾಕುವ ಇಂಕಿಂಗ್‌ಗೆ ಹೋಗೋ ಮೊದಲು ಇದೊಂದನ್ನು ಮಾಡಿ. ಥಂಬ್‌ನೇಲ್ ಪುಟಗಳಲ್ಲಿ ಬಲೂನು, ಕ್ಯಾಪ್ಷನ್ ಎಲ್ಲ ಖಾಲಿ ಬಿಟ್ಟು, ಕಾದಂಬರಿ ಓದಿರದ ಒಬ್ಬರ ಕೈಗೆ ಕೊಡಿ. ಏನಾಗುತ್ತಿದೆ ಅಂತ ಅವರು ಬಾಯಿಬಿಟ್ಟು ಹೇಳುತ್ತ ಹೋಗಲಿ, ನೀವು ನಡುವೆ ಬಾಯಿ ಹಾಕಬೇಡಿ. ಅವರು ತಡವರಿಸಿದ ಪುಟದ ಸಂಖ್ಯೆ ಬರೆದುಕೊಳ್ಳಿ. ಆ ಪುಟಗಳಿಗೆ ಮಾತು ಸೇರಿಸೋಕೆ ಕೈ ತುರಿಸುತ್ತೆ. ಸೇರಿಸಬೇಡಿ, ಪ್ಯಾನೆಲ್ ಸೇರಿಸಿ.