ಪೆನ್‌ಡ್ರೈವ್ ಚುಚ್ಚಿ ಚುಚ್ಚಿ ಸಾಕಾಯ್ತು

ಇವತ್ತೂ ಅದೇ! ಹೈಕು ಓಎಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮನ್ನ ಪೆನ್‌ಡ್ರೈವಿಂದ ಶುರು ಮಾಡಿದ್ರೆ, ಅದರ ಐಕಾನ್‌ಗಳು ಒಂದೊಂದಾಗಿ ಬೆಳಗಿ, ಬೂಟ್ ಪಾರ್ಟಿಷನ್ (ಸಿಸ್ಟಮ್ ಇರೋ ಡಿಸ್ಕಿನ ಭಾಗ) ಸಿಗಲಿಲ್ಲ ಅಂತ ಕರ್ನಲ್ ಡೀಬಗರ್‌ಗೆ, ಅಂದ್ರೆ ದೋಷ ಹುಡುಕೋ ಪರದೆಗೆ, ಬಿತ್ತು. ಅದೇ ಪೆನ್‌ಡ್ರೈವನ್ನ ಯುಎಸ್‌ಬಿ 3.0 ಪೋರ್ಟಿಂದ ಕಿತ್ತು 2.0ಗೆ ಚುಚ್ಚಿದ್ರೆ ಎದ್ದು ಕೂರುತ್ತೆ. ಈಗಿನ ಲ್ಯಾಪ್‌ಟಾಪಿಗೆ 2.0 ಪೋರ್ಟ್ ಎಲ್ಲಿಂದ ತರೋದು?

ಸಹಿ ಇಲ್ಲದ ಸಿಸ್ಟಮನ್ನ ತಡೆಯೋ ಸೆಕ್ಯೂರ್ ಬೂಟ್ ಆಫ್, ಪೆನ್‌ಡ್ರೈವ್‌ಗೆ ಬರೆಯೋ ರೂಫಸ್ ತಂತ್ರಾಂಶದಲ್ಲಿ ಡಿಡಿ ಮೋಡು (ಇಮೇಜನ್ನ ಇದ್ದ ಹಾಗೇ ನಕಲಿಸೋದು), ಎಲ್ಲಾ ಆಯ್ತು. ಇನ್‌ಸ್ಟಾಲ್ ಮುಗಿದ್ರೂ ಬೂಟ್ ಆಗಲ್ಲ, ಯಾಕಂದ್ರೆ ಸಿಸ್ಟಮನ್ನ ಎಬ್ಬಿಸೋ ಲೋಡರ್ ಫೈಲನ್ನ, ಕಂಪ್ಯೂಟರ್ ಆನ್ ಆದಾಗ ಅದನ್ನ ಹುಡುಕೋ ಇಎಫ್‌ಐ ಪಾರ್ಟಿಷನ್‌ಗೆ ನಾವೇ ಕೈಯಾರೆ ಕಾಪಿ ಮಾಡಬೇಕು. ಇಷ್ಟು ಮುಖ್ಯವಾದ ಕೆಲಸವನ್ನ ಇನ್‌ಸ್ಟಾಲರ್ ತಾನೇ ಮಾಡಬಾರದಾ?

ಇನ್ನು ವೈಫೈ. ಒಂದೇ ಮಾಡೆಲ್ ನಂಬರಿನ ಡಾಂಗಲ್ (ಯುಎಸ್‌ಬಿಗೆ ಚುಚ್ಚೋ ವೈಫೈ ಸಾಧನ) ಒಳಗೆ ಚಿಪ್‌ಸೆಟ್ ಬೇರೆ ಬೇರೆ. ಒಂದಕ್ಕೆ ಹೈಕುನಲ್ಲಿ ಡ್ರೈವರ್ (ಅದನ್ನ ನಡೆಸೋ ತಂತ್ರಾಂಶ) ಇದೆ, ಇನ್ನೊಂದಕ್ಕಿಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯುದ್ದಕ್ಕೂ ಅಂಗಡಿಗಳಲ್ಲಿ ಒಳಗೆ ಯಾವ ಚಿಪ್ ಅಂತ ಕೇಳಿದ್ರೂ ಉತ್ತರ ಒಂದೇ: ‘ಡಬ್ಬದ ಮೇಲೆ ಬರೆದಿಲ್ಲ ಸಾರ್.’ ಬರೀದಿದ್ರೆ ಯಾವ ಧೈರ್ಯದ ಮೇಲೆ ಕೊಂಡ್ಕೊಳ್ಳೋದು?