ಕಾಮಿಕ್ಸ್ ಮಾಡಲು ಟ್ಯಾಬ್ಲೆಟ್ ಬೇಕೇ ಬೇಕು ಅನ್ನುವುದು ಸುಳ್ಳು

ಸ್ವಂತ ಕಾಮಿಕ್ಸ್ ಮಾಡಲು ಡ್ರಾಯಿಂಗ್ ಟ್ಯಾಬ್ಲೆಟ್, ದುಬಾರಿ ಸಾಫ್ಟ್‌ವೇರ್, ಜೊತೆಗೆ ಚಿತ್ರಕಲೆಯ ಡಿಪ್ಲೊಮಾ ಬೇಕೇ ಬೇಕು ಎಂಬ ಮೆಸೇಜ್ ಶಿವಮೊಗ್ಗ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಆಸೆ ಇರುವ ಮಕ್ಕಳು ಸುಮ್ನೆ ಕೈಬಿಡಬಾರದು.

ಪೆನ್ಸಿಲ್, ಕಪ್ಪು ಪೆನ್ನು, ಒಂದು ಎ4 ಹಾಳೆ ಸಾಕು. ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆ ಬರುತ್ತವೆ. ಉದ್ದದ ನಡುಗೆರೆಯಲ್ಲಿ, ಮಧ್ಯದ ಎರಡು ಮನೆಯಷ್ಟು ಮಾತ್ರ ಕತ್ತರಿಸಿ ಮತ್ತೆ ಮಡಚಿದರೆ 8 ಪುಟದ ಪುಸ್ತಕ ಸಿದ್ಧ. ಚಿತ್ರವೆಲ್ಲ ಒಂದೇ ಬದಿಯಲ್ಲಿರುವುದರಿಂದ ಜೆರಾಕ್ಸ್ ಮಾಡಿಸುವುದೂ ಸುಲಭ.

ಜಾಸ್ತಿ ಗಮನ ಬೇಕಿರುವುದು ಮಾತಿಗೆ. ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ? ‘ತೀರ್ಥಹಳ್ಳಿ ಬಸ್ಸು ತಪ್ಪಿಹೋಯ್ತಲ್ಲ ಮಾರಾಯ’ ಅಂತ ಎರಡು ಸಾಲಲ್ಲಿ ಬರೆದು ನೋಡಿ. ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಅಕ್ಷರಕ್ಕೆ ಬಡಿಯುತ್ತದೆ.

ನಮ್ಮ ಮಳೆಗಾಲದಲ್ಲಿ ಹಾಳೆ ತಂಡಿ ಹಿಡಿದು ಶಾಯಿ ಹರಡುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಡಿ. ಕಂಪ್ಯೂಟರಿನಲ್ಲೇ ಬಿಡಿಸುವ ಆಸೆಯಿದ್ದರೆ ಕ್ರಿಟಾ ಎಂಬ ಸಾಫ್ಟ್‌ವೇರ್ ಅದರದೇ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ.