ಸರ್ವರ್ ಹಾಲ್‌ನ ತಾಪಮಾನವನ್ನು 27 ಡಿಗ್ರಿಗೆ ಏರಿಸಬೇಕೆ?

ಪರ

ಸರ್ವರ್‌ನೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಕೂಲಿಂಗ್ ಎಂಜಿನಿಯರುಗಳ ಅಮೆರಿಕದ ಸಂಘವಾದ ಆಶ್ರೇ 2008ರಲ್ಲೇ ಹೇಳಿದೆ. ಆದರೂ 20–21ಕ್ಕೆ ಸೆಟ್ ಮಾಡಿಟ್ಟು ಕರೆಂಟ್ ಸುರಿಯುವ ಹಾಲ್‌ಗಳು ಇಂದಿಗೂ ಇವೆ. ಇದು ಹಳೆಯ ಭಯ, ಬಿಡಬೇಕಾದ ಭಯ.

ದೊಡ್ಡ ಉಳಿತಾಯ ಇರುವುದು ಚಿಲ್ಲರ್‌ನಲ್ಲಿ, ಅಂದರೆ ಕೂಲಿಂಗ್‌ಗೆ ಬೇಕಾದ ನೀರನ್ನು ತಂಪು ಮಾಡುವ ಯಂತ್ರದಲ್ಲಿ. ಗಾಳಿಯ ಸೆಟ್‌ಪಾಯಿಂಟ್ ಮಾತ್ರ ಏರಿಸಿ, ಚಿಲ್ಲರ್ ನೀರನ್ನು 7 ಡಿಗ್ರಿಯಲ್ಲೇ ಬಿಟ್ಟರೆ ಹೆಚ್ಚೇನೂ ಸಿಗದು. ನೀರನ್ನೂ 12–15ಕ್ಕೆ ತಂದರೆ ಪ್ರತಿ ಡಿಗ್ರಿಗೆ ಚಿಲ್ಲರ್‌ನ ವಿದ್ಯುತ್ ಸುಮಾರು ಶೇ. 2–3 ಇಳಿಯುತ್ತದೆ. ಹೊರಗೆ ತಂಪಿರುವ ಹೊತ್ತಿನಲ್ಲಿ ಕಂಪ್ರೆಸರನ್ನೇ ನಿಲ್ಲಿಸಲೂ ಆದೀತು. ಕಣ್ಣಿಗೆ ಬೀಳದ ಪೋಲು ಇನ್ನೊಂದಿದೆ: 7 ಡಿಗ್ರಿ ನೀರು ಹರಿಯುವ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದುಹೋಗುತ್ತದೆ, ಪಕ್ಕದ ಹ್ಯುಮಿಡಿಫೈಯರ್ ಕರೆಂಟ್ ಉರಿಸಿ ಅದೇ ತೇವವನ್ನು ಮತ್ತೆ ತುಂಬುತ್ತದೆ. ಕಾಯಿಲ್ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗತೊಡಗುವ ತಾಪಮಾನ) ಬೆಚ್ಚಗಿದ್ದರೆ ಈ ವ್ಯರ್ಥ ಕಸರತ್ತು ನಿಲ್ಲುತ್ತದೆ.

ಏರಿಸುವ ಮುನ್ನ ಗಾಳಿಯ ಸೋರಿಕೆ ಮುಚ್ಚಬೇಕು. ರ‍್ಯಾಕ್‌ನ ಖಾಲಿ ಜಾಗಕ್ಕೆ ಬ್ಲಾಂಕಿಂಗ್ ಪ್ಯಾನೆಲ್, ನೆಲದ ಕೇಬಲ್ ಕಿಂಡಿಗಳಿಗೆ ಬ್ರಷ್ ಸೀಲ್ ಹಾಕಿ. ಕೂಲಿಂಗ್ ಯೂನಿಟ್ ರಿಟರ್ನ್ ಗಾಳಿಯ (ಅದಕ್ಕೆ ಮರಳುವ ಬಿಸಿ ಗಾಳಿ) ತಾಪಮಾನ ನೋಡಿ ನಡೆಯುತ್ತಿದ್ದರೆ ಸಪ್ಲೈ ಗಾಳಿಗೆ (ಅದು ಹೊರಬಿಡುವ ತಂಪು ಗಾಳಿ) ಬದಲಿಸಿ. ಸೆನ್ಸರ್ ಇರಬೇಕಾದದ್ದು ರ‍್ಯಾಕ್‌ನ ಮುಂಭಾಗದ ಮೇಲ್ತುದಿಯಲ್ಲಿ. ಹಿಂದಿನ ಬಿಸಿ ಗಾಳಿ ಸಾಮಾನ್ಯವಾಗಿ ಮೊದಲು ಸುತ್ತಿ ಬರುವುದು ಅಲ್ಲಿಗೆ. ಆಮೇಲೆ ವಾರಕ್ಕೆ 1 ಡಿಗ್ರಿ ಸಾಕು.

ಡಿಸ್ಕ್ ಕೆಡುತ್ತವೆ ಎಂಬ ಅಂಜಿಕೆಯೋ? ಗೂಗಲ್ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಗೂ ಕೆಡುವಿಕೆಗೂ ಇರುವ ನಂಟು ನಂಬಿದ್ದಕ್ಕಿಂತ ತೀರಾ ದುರ್ಬಲವಾಗಿತ್ತು.

ವಿರೋಧ

27 ಎಂಬುದು ಶಿಫಾರಸಿನ ಕೊನೆಯ ಅಂಚು. ಅಲ್ಲೇ ಹಾಲ್ ನಡೆಸಹೊರಟರೆ ಸರ್ವರ್ ಫ್ಯಾನ್‌ಗಳು ಲೆಕ್ಕ ಕೆಡಿಸುತ್ತವೆ. ಒಳಬರುವ ಗಾಳಿ ಸುಮಾರು 25 ಡಿಗ್ರಿ ದಾಟಿದರೆ ಅನೇಕ ಸರ್ವರ್‌ಗಳು ಫ್ಯಾನ್ ವೇಗ ಹೆಚ್ಚಿಸುತ್ತವೆ. ಫ್ಯಾನ್ ಎಳೆಯುವ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ ಶೇ. 20 ಹೆಚ್ಚಿದರೆ ವಿದ್ಯುತ್ ಶೇ. 73 ಹೆಚ್ಚುತ್ತದೆ. ಚಿಪ್ ಬಿಸಿಯಾದಷ್ಟೂ ಅದರೊಳಗಿನ ಲೀಕೇಜ್ ಕರೆಂಟ್ (ಕೆಲಸಕ್ಕೆ ಬಾರದೆ ಸೋರುವ ವಿದ್ಯುತ್) ಕೂಡ ಬೆಳೆಯುತ್ತದೆ.

ಎಲ್ಲರೂ ನೆಚ್ಚಿಕೊಂಡಿರುವ ಪಿಯುಇ ಎಂಬ ವಿದ್ಯುತ್ ದಕ್ಷತೆಯ ಅಳತೆ ಇದನ್ನು ಮುಚ್ಚಿಡುತ್ತದೆ. ಒಟ್ಟು ವಿದ್ಯುತ್ತನ್ನು ಐಟಿ ವಿದ್ಯುತ್ತಿನಿಂದ (ಸರ್ವರ್ ಮುಂತಾದ ಯಂತ್ರಗಳು ಬಳಸುವುದು) ಭಾಗಿಸಿದರೆ ಪಿಯುಇ. ಸರ್ವರ್ ಫ್ಯಾನ್ ಐಟಿ ಖಾತೆಗೇ ಸೇರುತ್ತದೆ. ಐಟಿ 500, ಒಟ್ಟು 800 ಕಿಲೋವ್ಯಾಟ್ ಇದ್ದರೆ ಪಿಯುಇ 1.60. ತಾಪಮಾನ ಏರಿಸಿದಾಗ ಕೂಲಿಂಗ್ 15 ಇಳಿದು ಫ್ಯಾನ್ 20 ಏರಿತೆನ್ನಿ: ಐಟಿ 520, ಒಟ್ಟು 805, ಪಿಯುಇ 1.55. ವರದಿಯಲ್ಲಿ ಸುಧಾರಣೆ, ಬಿಲ್ಲಿನಲ್ಲಿ 5 ಕಿಲೋವ್ಯಾಟ್ ನಷ್ಟ! ನಿರ್ಧಾರ ಮೇನ್ ಮೀಟರ್ ನೋಡಿ ಆಗಬೇಕು.

ಕರೆಂಟ್ ಹೋಗಿ ಜನರೇಟರ್ ಎದ್ದ ಮೇಲೂ ಚಿಲ್ಲರ್ ಪೂರ್ತಿ ಕೆಲಸಕ್ಕೆ ಮರಳಲು ಕೆಲವು ನಿಮಿಷ ಬೇಕು. ಅಷ್ಟರವರೆಗೆ ಸರ್ವರ್‌ಗಳು ಯುಪಿಎಸ್ ಬಲದಿಂದ ಓಡುತ್ತಾ ಶಾಖ ಉಗುಳುತ್ತಲೇ ಇರುತ್ತವೆ. ಆಶ್ರೇ ವಿಂಗಡಣೆಯ ಎ1 ವರ್ಗದ ಯಂತ್ರಗಳಿಗೆ ಒಳಬರುವ ಗಾಳಿಯ ಅನುಮತಿ ಮಿತಿ 32 ಡಿಗ್ರಿ. 21ರಲ್ಲಿ ಹಾಲ್ ನಡೆಸುವವರಿಗೆ 11 ಡಿಗ್ರಿ ಅಂತರವಿದೆ, 27ರಲ್ಲಿ ಬರೀ 5.

ಯುಪಿಎಸ್‌ನ ಸೀಸ-ಆಮ್ಲ ಬ್ಯಾಟರಿಗಳು ಅದೇ ಹಾಲ್‌ನಲ್ಲಿದ್ದರೆ ಬೇರೆ ಕೋಣೆಗೆ ಸಾಗಿಸಿ. ನಿಗದಿತ ತಾಪಮಾನಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದರೆ ಅವುಗಳ ಆಯುಸ್ಸು ಅರ್ಧವಾಗುತ್ತದೆ. ಬಿಸಿ ಗಾಳಿ ಬಂದು ಬೀಳುವ ಸರ್ವರ್‌ಗಳ ಹಿಂಬದಿಯ ಹಾದಿ 40 ಡಿಗ್ರಿ ದಾಟಿದರೆ ಅಲ್ಲಿ ಕೇಬಲ್ ಹಾಕುವವರು ಎಷ್ಟು ಹೊತ್ತು ನಿಂತಾರು? ಸೋರಿಕೆಗಳನ್ನು ಖಂಡಿತ ಮುಚ್ಚಿ, ನೀರಿನ ತಾಪಮಾನ ಏರಿಸಿ. ಆದರೆ ಗಾಳಿಯನ್ನು 24–25ರಲ್ಲಿ ನಿಲ್ಲಿಸಿ, ಫ್ಯಾನ್ ವೇಗದ ದಾಖಲೆ ತೆಗೆದು ನೋಡಿದ ಮೇಲಷ್ಟೇ ಮುಂದಿನ ಡಿಗ್ರಿ.